ಹರವಿಗೆ ಹೇಳಿದ ಸುಳ್ಳು

ಆ ದಿನ ಬೆಳಿಗ್ಗೆ ನಮ್ಮ ನೀಲಿಯ ಹರವಿ ಕೆಟ್ಟಿತ್ತು. ಅದೊಂದನ್ನು ಬಿಟ್ಟರೆ ಮನೆಯಲ್ಲಿ ಬೇರೆ ಚಿಂತೆ ಇರಲಿಲ್ಲ.

ನಾರಾಯಣಪೇಟೆಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆತನ. ನೇಕಾರರು ಲಡಿಗಟ್ಟಲೆ ನೂಲು ತಂದುಕೊಡುತ್ತಿದ್ದರು. ನಾವು ಬಣ್ಣ ಹಿಡಿಸಿ, ಒಣಗಿಸಿ ಕೊಡುತ್ತಿದ್ದೆವು. ಹಿತ್ತಿಲಲ್ಲಿ ಕತ್ತಿನ ತನಕ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹರವಿಗಳಿದ್ದವು. ನೀಲಿಯ ಹರವಿಗೆ ಸುಣ್ಣ, ಬೆಲ್ಲ, ತಗಚೆ ಬೀಜ ಹಾಕಿ ಹುದುಗು ಬರಿಸಬೇಕು. ಹದ ಬಂದ ಹರವಿಯ ಒಳಗಿನ ನೀರು ನೀಲಿ ಇರುವುದಿಲ್ಲ, ಹಳದಿ ಹಸಿರು. ಅದರಲ್ಲಿ ಅದ್ದಿ ತೆಗೆದ ನೂಲು ಗಾಳಿ ಸೋಕಿದ ಮೇಲೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಹರವಿ ಕೆಟ್ಟರೆ ನೂಲಿಗೆ ಕೊಳೆನೀರಿನ ಬಣ್ಣ ಬರುತ್ತದೆ, ಒಗೆದರೆ ಅದೂ ಹೋಗುತ್ತದೆ.

ಕೆಟ್ಟ ಹರವಿಗೆ ಬೆಲ್ಲ, ಸುಣ್ಣದ ಜೊತೆ ಇನ್ನೊಂದು ಮದ್ದಿತ್ತು. ಊರಲ್ಲಿ ಒಂದು ದೊಡ್ಡ ಸುಳ್ಳು ಹಬ್ಬಿಸಬೇಕು. ಸುಳ್ಳು ಎಷ್ಟು ದೂರ ಹೋಗುತ್ತದೋ ಹರವಿ ಅಷ್ಟು ಬೇಗ ಸುಧಾರಿಸುತ್ತದೆ ಎಂದು ನಂಬಿಕೆ. ಬಣ್ಣ ಹಾಕುವ ಮನೆಗಳಲ್ಲಿ ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರೂ ಇದನ್ನು ನಡೆಸುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ, ಕೃಷ್ಣೆಯಲ್ಲಿ ಎರಡು ತಲೆಯ ಮೊಸಳೆ ಬಂದಿದೆ ಎಂದು ಬಾವಿಕಟ್ಟೆಯಲ್ಲಿ ಹೇಳಿದ್ದರು. ಅದು ಪಕ್ಕದ ಊರು ಮಕ್ತಲಕ್ಕೆ ಹೋಗಿ ಮೂರು ತಲೆಯಾಗಿ ನಮ್ಮ ಮನೆಗೇ ತಿರುಗಿ ಬಂದಿತ್ತು. ಊರಲ್ಲಿ ಯಾರು ನಂಬಲಾಗದ ಮಾತು ಹೇಳಿದರೂ, "ಯಾರ ಮನೀ ಹರವಿ ಕೆಟ್ಟೈತಿ?" ಎಂದು ಕೇಳಿ ನಗುತ್ತಿದ್ದರು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಇಂಥ ಪದ್ಧತಿಯೊಂದು ಇದೆಯೆಂದೇ ತಮಗೆ ಗೊತ್ತಿರಲಿಲ್ಲ ಎಂದು ಆಮೇಲೆ ನಮ್ಮೂರಿನವರು ಹೇಳಿದರು. ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಆ ಬೆಳಿಗ್ಗೆ ಅತ್ತೆ ಹರವಿಯ ಮೇಲಿನ ನೊರೆಯನ್ನು ಬೆರಳಿಂದ ಮುಟ್ಟಿ ಮೂಸಿ ನೋಡಿದರು.

"ಸತ್ತೈತಿ ಇದು. ತಮ್ಮಾ, ನಿನ್ನ ಹಣ್ಣಿನೆಣ್ಣಿ ವಾಸನೀಗೇ ಸತ್ತೈತಿ ನೋಡು."

"ಎಣ್ಣಿ ಅಲ್ಲಬೇ ಅದು," ಎಂದರು ನನ್ನ ಗಂಡ, ಪಡಸಾಲೆಯಿಂದಲೇ.

"ಏನರ ಇರ್ಲಿ. ಮಂದಿ ಮಕ್ಕಳು ಪಟ್ಟಣಕ್ಕ ಹೋಗಿ ವಕೀಲರಾಗಿ ಬರ್ತಾರ. ನೀ ಸೀಸೆ ಹೊತ್ಕೊಂಡು ಬಂದಿ."

ಅವರು ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದರು. ಆಗ ಅಲ್ಲಿ ದೊಡ್ಡ ಓದೆಲ್ಲ ಉರ್ದುವಿನಲ್ಲಿ. ಬಣ್ಣದ ಮನೆಯ ಹುಡುಗನಾದ ಅವರು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಾಲೇಜಿನಲ್ಲಿ ಉರ್ದು ಎಂದು ಮೂರು ಭಾಷೆಯಲ್ಲಿ ಬದುಕಿ, ಮೂರರಲ್ಲೂ ಚೆನ್ನಾಗಿ ನಗುತ್ತಿದ್ದರು. ನಿಜಾಮರ ರಾಜ್ಯ ಇಂಡಿಯಾಕ್ಕೆ ಸೇರಬೇಕೋ ಬೇಡವೋ ಎಂಬ ಗಲಾಟೆ ಹೆಚ್ಚಾಗಿ ಆ ವರ್ಷ ಹಾಸ್ಟೆಲು ಬರಿದಾಯಿತು. ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಅವರ ಗುರು, ವಯಸ್ಸಾದ ಮುಸಲ್ಮಾನ ಉಸ್ತಾದರು, ಬೇಕಾದ ಗಾಜಿನ ನಳಿಗೆಗಳನ್ನೂ ಸೀಸೆಗಳನ್ನೂ ತಮ್ಮ ಜವಾಬ್ದಾರಿಯ ಮೇಲೆ ಕಟ್ಟಿಕೊಟ್ಟಿದ್ದರು. ಪ್ರತಿ ಸೀಸೆಯ ಮೇಲೂ ಅವರದೇ ಕೈಬರಹದ ಉರ್ದು ಚೀಟಿ. ನನ್ನ ಗಂಡ ಅವನ್ನೆಲ್ಲ ರಜಾಯಿಯಲ್ಲಿ ಸುತ್ತಿ, ಗದ್ವಾಲದ ತನಕ ರೈಲಿನಲ್ಲಿ, ಆಮೇಲೆ ಹರಿಗೋಲಿನಲ್ಲಿ ಕೃಷ್ಣೆ ದಾಟಿ, ಮಕ್ತಲದಿಂದ ಎತ್ತಿನ ಗಾಡಿಯಲ್ಲಿ, ಹಸುಗೂಸನ್ನು ತಂದ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಅವರು ಏನು ಮಾಡುತ್ತಿದ್ದರು ಎಂಬುದು ನನಗೆ ಗೊತ್ತು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಅವರು ನನಗೆ ಅರ್ಥವಾಗುವ ತನಕ ಹೇಳುತ್ತಿದ್ದರು, ಅರ್ಥವಾಗದಿದ್ದರೆ ತಪ್ಪು ತಮ್ಮದೆಂದು ಮತ್ತೆ ಹೇಳುತ್ತಿದ್ದರು.

"ಗಂಜಿ ಐತೇನು?" ಎಂದು ಆ ದಿನವೂ ಕೇಳಿದರು.

"ಉಣ್ಣಾಕೋ, ನೋಡಾಕೋ?"

"ನೋಡಾಕ."

ಅನ್ನದ ತಿಳಿಗಂಜಿ ಬಟ್ಟಲಲ್ಲಿ ಕೊಟ್ಟೆ. ಗಂಜಿಯ ಹನಿ ಬಿದ್ದರೆ ಅವರ ಗಾಜಿನ ಪಾತ್ರೆಯ ಅಯೋಡಿನ್ ನೀರು ಕಡುನೀಲಿಯಾಗುತ್ತಿತ್ತು. ಆಮೇಲೆ ಫೋಟೊ ತೊಳೆಯುವವರ ಹೈಪೋ ಉಪ್ಪಿನ ನೀರನ್ನು ಉದ್ದ ನಳಿಗೆಯಿಂದ ಹನಿಹನಿಯಾಗಿ ಬಿಡುವರು. ಒಂದು ಹನಿಗೆ ನೀಲಿ ಪೂರ್ತಿ ಮಾಯವಾಗುವುದು. ನೀಲಿ ಹಿಡಿಸುವುದೇ ಕಸುಬಾದ ಮನೆಯಲ್ಲಿ ನೀಲಿ ಹೋಗುವುದನ್ನು ಕಾಯುತ್ತ ಕೂತವರು ಅವರೊಬ್ಬರೇ.

"ಸಿರಕಾ ಹುಳಿ ಆಗೋದು ಅದರೊಳಗಿನ ತೇಜಾಬಿಗೆ," ಎನ್ನುತ್ತಿದ್ದರು; ಸಿರಕಾ ಅಂದರೆ ವಿನೆಗರ್, ತೇಜಾಬು ಅಂದರೆ ಆಮ್ಲ. "ಆ ತೇಜಾಬಿಗೆ ಸಾರಾಯಿ ಕೂಡಿಸಿದ್ರ ಈ ಹಣ್ಣಿನ ವಾಸನೀದು ಆಗ್ತದ. ಇದಕ್ಕ ಎಸ್ಟರ್ ಅಂತಾರ. ಇದರೊಳಗ ಒಂದು ಹೈಡ್ರೋಜನ್ ತನ್ನ ಜಾಗಾ ಬಿಟ್ಟು ಬಾಜೂಕಿನ ಆಕ್ಸಿಜನ್ ಮ್ಯಾಲ ಹೋಗಿ ಕುಂದರ್ತದ. ಆಗಿಂದು ಬ್ಯಾರೇ ರೂಪ. ಅದಕ್ಕ ಈನಾಲ್ ಅನ್ನೋದು. ಕಣ್ಣು ಪಿಳುಕಿಸೋದ್ರಾಗ ತಿರುಗಿ ಮೊದಲಿನಂಗ ಆಗಿಬಿಡ್ತದ."

"ನಮ್ಮ ಹರವಿ ಒಳಗಿನ ನೀಲಿ ಇದ್ದಂಗ?"

"ಅದೂ ಅದೇ ಕುಲದ್ದು. ಅದು ಹರವಿಯೊಳಗರ ನಿಂದರ್ತದ. ಇದು ನಿಂದ್ರೋದೇ ಇಲ್ಲ."

ನಿಲ್ಲದ ಆ ರೂಪ ಎಷ್ಟಿರುತ್ತದೆ ಎಂದು ಹೇಳುವುದೇ ಅವರ ಕೆಲಸವಾಗಿತ್ತು. ಎರಡು ಕಡೆ ಆಸರೆ ಇರುವ ದೊಡ್ಡ ಎಸ್ಟರಿನಲ್ಲಿ ನೂರಕ್ಕೆ ಏಳೆಂಟು ಈನಾಲ್ ರೂಪದಲ್ಲಿರುತ್ತವಂತೆ. ಅವನ್ನು ಬ್ರೋಮಿನ್ ಎಂಬ ಕೆಂಪು ದ್ರವ ತಕ್ಷಣ ಹಿಡಿಯುತ್ತದೆ. ಎಷ್ಟು ಬ್ರೋಮಿನ್ ಖರ್ಚಾಯಿತೆಂದು ಹೈಪೋದ ಹನಿಗಳಿಂದ ಅಳೆದು ನೋಡಿದರೆ ಲೆಕ್ಕ ಸಿಗುತ್ತದೆ. ಆಸರೆ ಕಡಿಮೆಯಾದ ಹಾಗೆ ಈನಾಲೂ ಕಡಿಮೆ. ಸಿರಕಾದ ತೇಜಾಬು, ಅದರ ಸಾದಾ ಎಸ್ಟರು ಇವಕ್ಕೆ ಬಂದರೆ ಏನೂ ಸಿಗುವುದಿಲ್ಲ. ಅಲ್ಲಿ ಇನ್ನೊಂದು ಆಕ್ಸಿಜನ್ ಪಕ್ಕದಲ್ಲೇ ಆತು ನಿಂತಿರುವುದರಿಂದ ಇದ್ದ ರೂಪವೇ ಸುಖವಾಗಿದೆ, ಬದಲಾಗುವ ಗರಜೇ ಇಲ್ಲ.

"ಸಿಗದಿದ್ರ ಇಲ್ಲ ಅಂತನೇ ಬರೀರಿ," ಎಂದಿದ್ದೆ ಒಮ್ಮೆ.

"ನಮ್ಮ ಓಣಿ ಬಾವೀ ಮೆಟ್ಟಿಲು ಮ್ಯಾಲಿನವು ಕಾಣ್ತಾವ. ನೀರಿನ ಕೆಳಗಿನವು ಕಾಣೂದಿಲ್ಲ. ಇಲ್ಲ ಅಂತೀಯೇನು? ಮ್ಯಾಲಿನವು ಒಂದೊಂದು ಎಷ್ಟೆಷ್ಟು ಇಳೀತಾವ ಅಂತ ಅಳೀಬೇಕು. ಕೆಳಗಿಂದು ಎಲ್ಲಿ ಇರಬೇಕು ಅಂತ ಅಂದಾಜು ಹಾಕಬೇಕು."

"ಅಂದಾಜು ಅಂದ್ರ ಸುಳ್ಳೂ ಇರಬಹುದಲ್ಲ."

"ಅಂದಾಜು ಸುಳ್ಳಲ್ಲ. ನಾ ಎಷ್ಟು ತಪ್ಪಿರಬಹುದು ಅಂತ ಜೋಡೀಲೇ ಹೇಳಿದ್ರ ಅದು ಅಂದಾಜು. ಅದನ್ನ ಹೇಳದಿದ್ರ ಆಗ ಸುಳ್ಳು."

ಈ ಮಾತನ್ನು ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ಮೊದಲು ದುಃಖಕ್ಕೆ ಇಟ್ಟುಕೊಂಡಿದ್ದೆ, ಈಗ ಸಿಟ್ಟಿಗೆ.

ಮಧ್ಯಾಹ್ನದ ಹೊತ್ತಿಗೆ ಬಜಾರಿನ ಸೀರೆ ವ್ಯಾಪಾರಿ ಬಂದ. ನಮ್ಮಲ್ಲಿ ನೂಲು ಬಣ್ಣ ಹಾಕಿಸಿ, ನೇಕಾರರಿಗೆ ಕೊಟ್ಟು ಸೀರೆ ನೇಯಿಸಿ ಮಾರುವವನು. ನನ್ನ ಮಾವನ ಕಾಲದಿಂದ ಬರುತ್ತಿದ್ದ. ಪಡಸಾಲೆಯಲ್ಲಿ ಕೂತು ಸುಣ್ಣದ ಪುಡಿ ತುಂಬಿದ ಡಬ್ಬಿಯಲ್ಲಿ ಹೂತಿಟ್ಟಿದ್ದ ಕೆಂಪು ಸೀಸೆಯನ್ನು ನೋಡಿದ.

"ಇದೇನ್ ಶರಬತ್ತೋ ಪಂಡಿತಾ?"

"ದೂರ ಕುಂದರ್ರಿ ಸಾವ್ಕಾರ್ರೇ. ಬಿರಡಿ ತೆಗದ್ರ ಕಣ್ಣಾಗ ನೀರು ಬರ್ತಾವ."

"ನನಗ ನಿಮ್ಮವ್ವ ಹರವಿ ಕೆಟ್ಟೈತಿ ಅಂದಾಗಲೇ ಬಂದ್ವು."

ಅಷ್ಟರಲ್ಲಿ ಅತ್ತೆ ಬಾವಿಯಿಂದ ಕೊಡ ಹೊತ್ತು ಬಂದರು. ಮುಖದಲ್ಲಿ ಕೆಲಸ ಮುಗಿಸಿದ ತೃಪ್ತಿ ಇತ್ತು.

"ಈ ಸಲ ಏನ್ ಬಿಟ್ಟಿಬೇ ಊರಾಗ?" ಎಂದು ಮಗ ಕೇಳಿದರು.

"ನನ್ನ ಮಗ ಪಟ್ಟಣದಿಂದ ಒಂದು ಸೀಸೆ ಔಷಧ ತಂದಾನ, ಒಂದು ಹನಿ ಚೆಲ್ಲಿದ್ರ ಬಜಾರೆಲ್ಲ ಸುಟ್ಟು ಬೂದಿ, ಎರಡು ಹನಿಗೆ ಗದ್ವಾಲದ ರಾಜನ ಕ್ವಾಟಿ ಹಾರ್ತದ ಅಂದೆ."

ವ್ಯಾಪಾರಿ ತೊಡೆ ತಟ್ಟಿಕೊಂಡು ನಕ್ಕ. "ಮೊಸಳೀಗಿಂತ ಇದು ಚಲೋ ಐತಿ. ಮಕ್ತಲಕ್ಕ ನಾನೇ ಮುಟ್ಟಸ್ತೀನಿ ಬಿಡು. ಸಂಜೀಕ ನಿನ್ನ ಹರವಿ ಎದ್ದು ಕುಂದರ್ತದ."

ಈ ಮಾತು ಆಡಿದ್ದು ಅವನೇ. ಅವನು ಕೂತ ಚಾಪೆ ಯಾವುದು, ನಾನು ಕೊಟ್ಟ ಮಜ್ಜಿಗೆಯನ್ನು ಯಾವ ಕೈಯಲ್ಲಿ ಹಿಡಿದಿದ್ದ ಎಂಬುದೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಹೋದ ಮೇಲೆ ನನ್ನ ಗಂಡ ಇನ್ನೊಂದು ಸೀಸೆಯನ್ನು ತಂಪಾಗಲೆಂದು ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರು. ಐಸು ಸಿಗದ ಊರಲ್ಲಿ ಅವರ ಉಪಾಯ ಅದು. ಸಂಜೆ ನೋಡಿದರೆ ಹರವಿ ನಿಜಕ್ಕೂ ತುಸು ಹಸಿರು ತಿರುಗಿತ್ತು.

ಮರುದಿನ ವಿಮಾನಗಳು ಹಾರಿದವು. ಇಂಡಿಯಾದ ಫೌಜು ನಿಜಾಮರ ರಾಜ್ಯದೊಳಗೆ ಬಂದಿದೆ ಎಂದರು. ಆ ವಾರ ಮುಗಿಯುವುದರೊಳಗೆ ನಿಜಾಮರು ಸೋಲೊಪ್ಪಿದರೆಂದು ರೇಡಿಯೋದಲ್ಲಿ ಬಂತು. ನಿಜಾಮರ ಪರ ದಂಡು ಕಟ್ಟಿದ್ದ ರಜಾಕಾರರಿಂದ ಪಾಡುಪಟ್ಟ ಮನೆಗಳು ನಮ್ಮ ಸುತ್ತ ಬೇಕಾದಷ್ಟಿದ್ದವು. ಅವರು ಸಂತೋಷಪಟ್ಟದ್ದಕ್ಕೆ ನನ್ನ ತಕರಾರಿಲ್ಲ. ನಾವೂ ಸಂತೋಷಪಟ್ಟೆವು. ನನ್ನ ಸಿಟ್ಟು ಇರುವುದು ಅವತ್ತಿನ ತನಕ ಏನೂ ಕಳೆದುಕೊಳ್ಳದೆ, ಅವತ್ತಿನಿಂದ ಗಳಿಸಲು ಶುರುಮಾಡಿದವರ ಮೇಲೆ. ಸೀರೆ ವ್ಯಾಪಾರಿ ರಜಾಕಾರರ ಮುಂದಾಳಿಗೆ ಅಂಗಡಿಯಲ್ಲಿ ಗಾದಿ ಹಾಸಿ ಕೂರಿಸುತ್ತಿದ್ದವನು. ಈಗ ಬಿಳಿ ಟೋಪಿ ಇಟ್ಟುಕೊಂಡು ಕೈಗೆ ಪಟ್ಟಿ ಕಟ್ಟಿದ ಹುಡುಗರನ್ನು ಹಿಂದಿಟ್ಟುಕೊಂಡು ಬಜಾರಿನಲ್ಲಿ ಉರ್ದು ಬೋರ್ಡುಗಳನ್ನು ಕೆರೆಸುತ್ತಿದ್ದ. ನಮ್ಮ ಓಣಿಯ ಕೊನೆಯಲ್ಲಿದ್ದ ಮುಸಲ್ಮಾನ ಬಣ್ಣಗಾರರ ಮನೆಗೆ ಬೀಗ ಬಿದ್ದಿತ್ತು. ಅವರ ಹರವಿಗಳನ್ನು ಯಾರೋ ಕಲ್ಲು ಹಾಕಿ ಒಡೆದಿದ್ದರು. ನೀಲಿ ನೀರು ಓಣಿಯಲ್ಲಿ ಹರಿದು ಒಣಗಿತ್ತು.

ಅತ್ತೆಗೆ ಭಯ ಹತ್ತಿತು. "ಆ ಕೆಂಪು ಸೀಸೆ ಬಾವಿಗೆ ಒಗದು ಬಾ ತಮ್ಮಾ."

"ಬಾವೀ ನೀರು ಓಣಿ ಮಂದಿ ಕುಡೀತಾರಬೇ."

"ಹಂಗಾದ್ರ ತಿಪ್ಪಿಗೆ ಸುರವು."

"ಅದು ಉಸ್ತಾದರದು. ಎಣಿಸಿ ಕೊಟ್ಟಾರ, ಎಣಿಸಿ ಮುಟ್ಟಸ್ಬೇಕು. ಇಂಥಾ ಹೊತ್ತಿನ್ಯಾಗ ಅವರಿಗೆ ಯಾರರ ಏನರ ತಿರುಗಿ ಕೊಡಾಕತ್ತಾರೇನು?"

ಚೀಟಿಗಳನ್ನಾದರೂ ಕೀಳಿ ಎಂದು ನಾನು ಹೇಳಿದೆ. ಚೀಟಿ ಕಿತ್ತ ಸೀಸೆ ಚೀಟಿ ಇದ್ದುದಕ್ಕಿಂತ ಅಪಾಯ, ಒಳಗೇನಿದೆ ಎಂದು ಯಾರಿಗೂ ತಿಳಿಯುವುದಿಲ್ಲ ಎಂದರು. ಸೀಸೆಗಳ ಮಟ್ಟಿಗೆ ಅವರ ಮಾತು ಸರಿ. ಮನುಷ್ಯರ ಮಟ್ಟಿಗೆ ಸರಿಯಾಗಲಿಲ್ಲ.

ಮನೆ ಶೋಧಿಸುವವರು ಬಂದಾಗ ನಾನು ನೂಲು ಹಿಂಡುತ್ತಿದ್ದೆ. ಮುಂದೆ ವ್ಯಾಪಾರಿ, ಅವನ ಹುಡುಗರು, ಹಿಂದೆ ಹೊರಗಿನಿಂದ ಬಂದ, ನಮ್ಮ ಕಡೆಯ ಭಾಷೆ ಬಾರದ ಒಬ್ಬ ಅಧಿಕಾರಿ. ಮನೆಯೊಳಗೆ ಏನು ಎಲ್ಲಿದೆ ಎಂದು ಹುಡುಕುವ ತೊಂದರೆ ಅವರಿಗಿರಲಿಲ್ಲ. ವ್ಯಾಪಾರಿ ನೆಟ್ಟಗೆ ಪಡಸಾಲೆಗೆ ಹೋಗಿ ಡಬ್ಬಿ ತೋರಿಸಿದ. ತಾನು ಕೂತು ಮಜ್ಜಿಗೆ ಕುಡಿದ ಜಾಗ ಅದು.

"ಇದೇ ರೀ. ಬಜಾರು ಸುಡ್ತೀನಿ, ಕ್ವಾಟಿ ಹಾರಸ್ತೀನಿ ಅಂತ ಊರಿಗೆಲ್ಲ ಹೇಳ್ಯಾರ. ಬಾವ್ಯಾಗೂ ಸೀಸೆ ಇಳಿಬಿಡ್ತಾರ. ಎಲ್ಲಾ ಉರ್ದುದಾಗ ಬರದೈತಿ ನೋಡ್ರಿ."

ಅಧಿಕಾರಿ ಹಿಂದಿಯಲ್ಲಿ ಇದೇನೆಂದು ಕೇಳಿದ. ನನ್ನ ಗಂಡ ಅವನಿಗೆ ತಿಳಿಯುವ ಭಾಷೆಯಲ್ಲೇ ನಿಧಾನವಾಗಿ ಹೇಳಿದರು. ಸಿರಕಾ, ಎಸ್ಟರು, ಈನಾಲು, ಮೆಟ್ಟಿಲು. ಒಂದು ವಸ್ತುವಿನಲ್ಲಿ ಇನ್ನೊಂದು ರೂಪ ಎಷ್ಟಿದೆ ಎಂದು ನೋಡುವುದಕ್ಕೆ ಎಂದರು. ಎಷ್ಟಿದೆ ಎಂದು ಅವನು ಕೇಳಿದ. ಕಾಣದಷ್ಟು, ಅಳತೆಗೂ ಸಿಗದಷ್ಟು ಎಂದರು. ಕಾಣದೆ ಇರುವುದನ್ನು ನೋಡಲು ವಿಷ ಇಟ್ಟುಕೊಂಡಿದ್ದೀಯಾ ಎಂದ ಆತ. ಹುಡುಗರು ನಕ್ಕರು. ಒಬ್ಬ ತನ್ನ ಧೈರ್ಯ ತೋರಿಸಲು ಸೀಸೆ ಎತ್ತಿ ಬಿರಡಿ ಕಿತ್ತ. ಕೆಂಪು ಹೊಗೆ ಎದ್ದಿತು. ಅವನು ಕೆಮ್ಮುತ್ತ ಕಣ್ಣು ಒರೆಸಿಕೊಳ್ಳುತ್ತ ಅಂಗಳದಲ್ಲಿ ಬಿದ್ದು ಹೊರಳಾಡಿದ. ನನ್ನ ಗಂಡ ಓಡಿ ಸೀಸೆಯ ಬಾಯಿ ಮುಚ್ಚಿದರು. ಬೆರಳ ಮೇಲೆ ಚೆಲ್ಲಿ ಚರ್ಮ ಸುಟ್ಟು ಕಂದಿತು. ಆ ಸುಟ್ಟ ಕೈಯಿಂದಲೇ ಆ ಹುಡುಗನ ಮುಖಕ್ಕೆ ನೀರು ಹಾಕಿದರು.

"ನೋಡಿದ್ರ್ಯಾ, ಗ್ಯಾಸು," ಎಂದ ವ್ಯಾಪಾರಿ.

ಅತ್ತೆ ಅವನ ಕಾಲು ಹಿಡಿದರು. "ಹರವೀಗೆ ಹೇಳಿದ್ದೋ ಯಪ್ಪಾ ಅದು. ನೀ ಇಲ್ಲೇ ಕುಂತಿದ್ಯಲ್ಲೋ. ನೀನೇ ನಕ್ಕಿದ್ಯಲ್ಲೋ."

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಅಷ್ಟೇ. ಓಣಿಯ ಜನ ಬಾಗಿಲಲ್ಲಿ ನಿಂತಿದ್ದರು. ಎರಡು ತಲೆಯ ಮೊಸಳೆಗೆ ನಕ್ಕವರು ಅಲ್ಲಿ ಎಷ್ಟೋ ಮಂದಿ. ಹೌದು, ಅದು ಹರವಿಯ ಸುಳ್ಳು ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ನನ್ನ ಗಂಡನನ್ನು ಕರೆದುಕೊಂಡು ಹೋದರು. ಹೋಗುವಾಗ ನನಗೆ ಹೇಳಿದ್ದು, "ನಳಿಗಿ ತೊಳದು ಬೋರಲು ಇಡು, ಒಳಗ ಉಪ್ಪು ಕಟ್ಟಿದ್ರ ಹಾಳಾಗ್ತದ."

ಸುದ್ದಿ ಕೇಳಿ ತವರಿನಿಂದ ಬಂದ ನನ್ನ ಅಣ್ಣನನ್ನು ಕರೆದುಕೊಂಡು ನಾನು ಹಿಂದೆ ಹೋದೆ. ಮಕ್ತಲದಲ್ಲಿ ವಿಚಾರಿಸಿದರೆ, ಹಿಡಿದವರನ್ನು ಗದ್ವಾಲದ ಕಡೆ ಸಾಗಿಸಿದ್ದಾರೆ ಎಂದರು. ಕೃಷ್ಣೆಯ ದಂಡೆಯಲ್ಲಿ ಹರಿಗೋಲಿನ ಅಂಬಿಗ ನಮ್ಮನ್ನು ಕೂರಿಸಿಕೊಂಡು, ಕೇಳುವ ಮೊದಲೇ ಹೇಳಿದ.

"ನಿನ್ನೆ ಒಂದು ಗುಂಪು ದಾಟಿಸೀನ್ರಿ. ಅದರಾಗ ಒಬ್ಬಾಂವಂದು ಬೆರಳು ಸುಟ್ಟಿದ್ವು. ನೀರಾಗ ಅದ್ದಿಕೋ ಅಂದೆ. ಕಟ್ಟಿದ ಕೈ ನೀರಿಗೆ ಮುಟ್ಟವೊಲ್ಲವು ಅಂದ. ನಾನೇ ಬೊಗಸೀಲೆ ಹಾಕೀನ್ರಿ."

ಈ ಕಥೆಯಲ್ಲಿ ಅವರಿಗೆ ನೀರು ಹಾಕಿದವನು ಅವನೊಬ್ಬ. ಅವನನ್ನು ನೆನೆಯದೆ ನಾನು ಕೃಷ್ಣೆ ದಾಟಿಲ್ಲ.

ಗದ್ವಾಲ ನನ್ನ ತವರೂರು. ಕೋಟೆಯ ಹತ್ತಿರ ಒಂದು ಹಳೆಯ ಗೋದಾಮಿನಲ್ಲಿ ಹಿಡಿದವರನ್ನು ಇಟ್ಟಿದ್ದರು. ನಮ್ಮನ್ನು ಒಳಗೆ ಬಿಡಲಿಲ್ಲ. ಕೊನೆಗೆ ಅಲ್ಲಿನ ಅಧಿಕಾರಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾಗ ನಾನು ಹೋಗಿ ನಿಂತೆ. ಅವನಿಗೆ ತೆಲುಗು ಬರುತ್ತಿತ್ತು. ನನಗೆ ಬಂದಷ್ಟು ತೆಲುಗಿನಲ್ಲಿ ಹರವಿಯ ಪದ್ಧತಿಯನ್ನು ಮೊದಲಿಂದ ಹೇಳಿದೆ. ಮೊಸಳೆಯನ್ನೂ ಹೇಳಿದೆ. ಅವನು ಕೊನೆಯ ತನಕ ಕೇಳಿದ.

"ಅಂದರೆ ನಿಮ್ಮ ಮನೆಯಲ್ಲಿ ಸುಳ್ಳು ಹೇಳುವುದು ಪದ್ಧತಿ," ಎಂದ. "ಹಾಗಾದರೆ ಈಗ ನೀನು ಹೇಳುತ್ತಿರುವುದು ಯಾವ ಹರವಿಗೆ?"

ಸುತ್ತ ನಿಂತವರು ನಕ್ಕರು. ನಾನು ಅಲುಗಲಿಲ್ಲ. ಅವನಿಗೂ ಏನೋ ಅನ್ನಿಸಿರಬೇಕು. ನಿಮ್ಮೂರ ಪ್ರಮುಖರು ಒಬ್ಬರು ಬಂದು ಇದು ಹೌದೆಂದು ಹೇಳಲಿ, ದೂರು ಕೊಟ್ಟಾತನೇ ಬಂದರೆ ಇನ್ನೂ ಒಳ್ಳೆಯದು, ಬಿಡುತ್ತೇನೆ ಎಂದ.

ಒಂದು ಮಾತು ಬೇಕಿತ್ತು. ಅದೂ ನಿಜವಾದ ಮಾತು. ನಾವು ಅದೇ ದಾರಿಯಲ್ಲಿ ತಿರುಗಿ ನಾರಾಯಣಪೇಟೆಗೆ ಬಂದೆವು. ವ್ಯಾಪಾರಿಯ ಅಂಗಡಿಗೆ ನಾನೇ ಹೋದೆ. ಗಾದಿಯ ಮೇಲೆ ಈಗ ಬೇರೆಯವರು ಕೂತಿದ್ದರು, ಗಾದಿ ಮಾತ್ರ ಅದೇ.

"ಅಣ್ಣಾರ, ಗದ್ವಾಲಕ್ಕ ಬಂದು ಒಂದು ಮಾತು ಹೇಳ್ರಿ. ಹರವೀಗೆ ಹೇಳಿದ್ದು ಅಂತ. ಗಾಡಿ ನಾವು ಕಟ್ಟಸ್ತೀವಿ."

"ನೀ ಮನೀಗೆ ನಡಿ ತಂಗೀ."

"ನಿಮಗ ಗೊತ್ತೈತಲ್ರೀ. ಮಕ್ತಲಕ್ಕ ನಾನೇ ಮುಟ್ಟಸ್ತೀನಿ ಅಂದ್ರಿ."

ಕೂತವರ ಕಡೆ ಒಮ್ಮೆ ನೋಡಿ ಅವನು ಧ್ವನಿ ತಗ್ಗಿಸಿದ. "ನನಗ ಗೊತ್ತೈತಿ ಅಂತ ಈಗ ಹ್ಯಾಂಗ ಹೇಳ್ಲಿ? ಮೊನ್ನೆ ಹೇಳಿದ್ದು ಸುಳ್ಳಂದ್ರ ನಾಳೆ ನನ್ನ ಮಾತು ಯಾರು ಕೇಳ್ತಾರ? ನಾಕು ದಿನ ತಡೀ. ಬಿಸಿ ಆರ್ಲಿ. ತಾವಾಗೇ ಬಿಡ್ತಾರ."

"ನಾಕು ದಿನದಾಗ ಅವರಿಗೇನರ ಆದ್ರ?"

"ಆಗಂಗಿಲ್ಲ."

ಎಷ್ಟು ತಪ್ಪಿರಬಹುದು ಎಂದು ಅವನು ಹೇಳಲಿಲ್ಲ.

ಓಣಿಯಲ್ಲಿ ಮನೆಮನೆಗೆ ಹೋದೆ. ನೇಕಾರರು, ಗೌಡರು, ಪೂಜಾರಿಗಳು, ಬಾವಿಕಟ್ಟೆಯಲ್ಲಿ ಅತ್ತೆಯ ಸುಳ್ಳನ್ನು ಕೇಳಿ ಸೆರಗು ಬಾಯಿಗಿಟ್ಟು ನಕ್ಕ ಹೆಂಗಸರು. ಒಬ್ಬರಿಗೆ ಹೊಲದ ಕೆಲಸ, ಒಬ್ಬರಿಗೆ ಸೂತಕ, ಒಬ್ಬರಿಗೆ ಮಗಳ ಬಾಣಂತನ. ಕೊನೆಗೆ ಅತ್ತೆಯೇ ಹೊರಟರು. ಹೇಳಿದವಳು ನಾನು, ನನ್ನನ್ನು ಇಟ್ಟುಕೊಂಡು ಮಗನನ್ನು ಬಿಡಿ ಎಂದು ಕೇಳುತ್ತೇನೆ ಎಂದರು. ಗದ್ವಾಲ ಮುಟ್ಟಿದಾಗ ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ನೆಲ ತೊಳೆದಿದ್ದರು. ಬೇವಿನ ಮರದ ಕೆಳಗಿನ ಕುರ್ಚಿ ಇರಲಿಲ್ಲ. ಇದ್ದ ಒಬ್ಬ ಪಹರೆಯವನು, ಕೆಲವರಿಗೆ ವಾಂತಿಭೇದಿ ಆಗಿತ್ತು, ಕೆಲವರನ್ನು ಬಿಟ್ಟರು, ಕೆಲವರನ್ನು ಬೇರೆ ಕಡೆ ಸಾಗಿಸಿದರು ಎಂದ. ಬೆರಳು ಸುಟ್ಟವನು ಇವುಗಳಲ್ಲಿ ಯಾವ ಕೆಲವರಲ್ಲಿದ್ದ ಎಂದು ಕೇಳಿದೆ. ಅವನಿಗೆ ತಿಳಿಯದು. ಕಚೇರಿಯಲ್ಲಿ ಕೇಳಿದರೆ, ಅಂಥವರು ಯಾರೂ ಇಲ್ಲಿಗೆ ಬಂದೇ ಇಲ್ಲ ಎಂದರು.

ಬಂದೇ ಇಲ್ಲ. ಹೊಸ ರಾಜ್ಯದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಗದ್ವಾಲ ಆಗ ರಾಯಚೂರು ಜಿಲ್ಲೆ, ನಾವು ಮಹಬೂಬನಗರ. ಹಿಡಿದದ್ದು ಇಲ್ಲಿ, ಇಟ್ಟದ್ದು ಅಲ್ಲಿ, ಆದ್ದರಿಂದ ನಮ್ಮದಲ್ಲ ಎಂದು ಎರಡೂ ಕಡೆ ಹೇಳುವುದಕ್ಕೆ ಅನುಕೂಲವಾಯಿತು. ಅರ್ಜಿ ಮೊದಲು ಉರ್ದುವಿನಲ್ಲಿ ಬರೆಸಿದೆ. ಅದು ನಡೆಯುವುದಿಲ್ಲ, ಇಂಗ್ಲಿಷಿನಲ್ಲಿ ಬರೆಸಿ ಎಂದರು. ಬರೆಸಿದೆ. ಆಮೇಲೆ ಹೈದರಾಬಾದ್ ರಾಜ್ಯವನ್ನೇ ಮೂರು ಪಾಲು ಮಾಡಿದರು. ರಾಯಚೂರು ಮೈಸೂರಿಗೆ ಹೋಯಿತು, ಗದ್ವಾಲ ಇತ್ತ ಆಂಧ್ರಕ್ಕೆ, ನಮ್ಮ ಜಿಲ್ಲೆಗೆ ಬಂತು. ಜನರನ್ನು ಭಾಷೆ ನೋಡಿ ಹಂಚಿದರಂತೆ. ಸತ್ತವರನ್ನು ಯಾವುದನ್ನು ನೋಡಿ ಹಂಚಿದರೋ, ನಮ್ಮವರು ಯಾರ ಪಾಲಿಗೂ ಬರಲಿಲ್ಲ.

ಅತ್ತೆ ಅವತ್ತಿನಿಂದ ಹರವಿಯ ಮುಚ್ಚಳ ತೆಗೆಯಲಿಲ್ಲ. ನೀಲಿ ಒಳಗೇ ಕೊಳೆತು ಹೋಯಿತು. ನಾನು ಒಲೆಯ ಮೇಲೆ ಕುದಿಸಿ ಹಿಡಿಸುವ ಬೇರೆ ಬಣ್ಣಗಳಿಂದ ಮನೆ ನಡೆಸಿದೆ. ಅವರು ಮಾತೂ ಕಡಿಮೆ ಮಾಡಿದರು. ಯಾರಾದರೂ ಊಟ ಆಯಿತೇ ಎಂದು ಕೇಳಿದರೆ, ಆಗದಿದ್ದರೂ ಲೋಕಾರೂಢಿಗೆ ಆಯಿತು ಎನ್ನುತ್ತೇವಲ್ಲ, ಅದನ್ನೂ ಹೇಳದೆ ಸುಮ್ಮನಿರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ. ಅವರು ಹೇಳಿದ್ದು ಹರವಿಗೆ. ಹರವಿಗೆ ಹೇಳಿದ್ದನ್ನು ಬಂದೂಕಿಗೆ ಹೇಳಿದವನು ಬೇರೆ.

ಗಲಾಟೆ ಆರಿದ ಮೇಲೆ ಅಣ್ಣನ ಜೊತೆ ಹೈದರಾಬಾದಿಗೆ ಹೋದೆ. ಉಳಿದಿದ್ದ ನಳಿಗೆಗಳನ್ನು ಅದೇ ರಜಾಯಿಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷಾಗಿತ್ತು. ಉಸ್ತಾದರು ಇರಲಿಲ್ಲ. ಎಲ್ಲಿಗೆ ಹೋದರು ಎಂದು ಹೇಳುವವರೂ ಇರಲಿಲ್ಲ. ಒಬ್ಬ ಎಳೆಯ ಲೆಕ್ಚರರು ಕೂರಿಸಿ ಮಾತಾಡಿಸಿದರು. ನನ್ನ ಗಂಡ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಸಿರಕಾದ ತೇಜಾಬು, ಅದರ ಸಾದಾ ಎಸ್ಟರು, ಅವುಗಳಲ್ಲಿ ಈನಾಲ್ ಎಷ್ಟು ನಿಲ್ಲುತ್ತದೆ ಎಂದು ಅಂದಾಜು ಮಾಡುತ್ತಿದ್ದರು ಎಂದೆ.

ಅವರು ಒಳ್ಳೆಯ ಮನಸ್ಸಿನಿಂದಲೇ ನಕ್ಕರು. "ಅದು ಇಲ್ಲವೆಂದೇ ಇಟ್ಟುಕೊಳ್ಳುತ್ತೇವಮ್ಮ. ಅಷ್ಟು ಕಡಿಮೆ. ಇಲ್ಲ ಅಂದರೂ ನಡೆಯುತ್ತದೆ."

"ಯಾರಿಗೆ ನಡೀತದ್ರಿ?" ಎಂದು ಕೇಳಿದೆ. ನನ್ನ ಧ್ವನಿ ಏರಿತ್ತೇನೋ, ಅಣ್ಣ ತೋಳು ಹಿಡಿದ. ಆ ಲೆಕ್ಚರರ ತಪ್ಪೇನೂ ಇರಲಿಲ್ಲ. ಇಲ್ಲ ಅಂದರೂ ನಡೆಯುತ್ತದೆ ಎಂಬ ಮಾತನ್ನು ಅಷ್ಟು ಹೊತ್ತಿಗಾಗಲೇ ಬಹಳ ಕಡೆ ಕೇಳಿಬಿಟ್ಟಿದ್ದೆ. ಬ್ರೋಮಿನ್ ಖರ್ಚಾಗಿದ್ದರೆ ಅದು ಹಿಡಿದದ್ದು ಏನೋ ಅಲ್ಲಿತ್ತು ಎಂದರ್ಥ. ಅಂಬಿಗನ ಬೊಗಸೆಯ ನೀರು ಖರ್ಚಾಗಿದೆ. ಕಟ್ಟಿದ ಕೈಗಳು ಅಲ್ಲಿದ್ದವು. ಹೀಗೆ ಅವರ ವಿದ್ಯೆಯನ್ನು ನನ್ನ ಕೆಲಸಕ್ಕೆ ಎಳೆದರೆ ಅವರು ಒಪ್ಪುತ್ತಿರಲಿಲ್ಲ. ಪದಾರ್ಥ ಬೇರೆ, ಮನುಷ್ಯ ಬೇರೆ ಎನ್ನುತ್ತಿದ್ದರು. ಬಂದು ಹೇಳಲಿ.

ವ್ಯಾಪಾರಿಗೆ ದೇಶಕ್ಕಾಗಿ ದುಡಿದವನೆಂದು ಊರಲ್ಲಿ ಹಾರ ಹಾಕಿದರು. ಅತ್ತೆ ತೀರಿಕೊಂಡಾಗ ಅವನೂ ಬಂದಿದ್ದ. ಎಲ್ಲರೂ ಕೂತಿರುವಾಗ ನನ್ನನ್ನು ನೋಡಿ, "ಹಿರಿಜೀವ. ಏನ್ ಸುಳ್ಳು ಹೇಳ್ತಿದ್ಳು ಹರವಿ ಕೆಟ್ರ," ಎಂದ. ಕೂತವರಿಗೆಲ್ಲ ಮೊಸಳೆ ನೆನಪಾಯಿತು. ಸಾವಿನ ಮನೆಯಲ್ಲೂ ಒಂದಿಬ್ಬರು ನಕ್ಕರು.

"ಹಂಗಾದ್ರ ನಿಮಗ ಆ ಪದ್ಧತಿ ಗೊತ್ತಿತ್ತು," ಎಂದೆ.

ಅವನು ಹೆಗಲ ಮೇಲಿನ ಟವಲನ್ನು ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಆಗಿನ ಕಾಲ ಹಂಗಿತ್ತು ತಂಗೀ," ಎಂದ.

ಕಾಲ ಹಾಗಿರಲಿಲ್ಲ. ಅವನು ಹಾಗಿದ್ದ. ಗದ್ವಾಲಕ್ಕೆ ಗಾಡಿಯ ದಾರಿ ಇತ್ತು, ಹರಿಗೋಲು ಇತ್ತು, ಕೇಳುತ್ತೇನೆ ಎಂದ ಅಧಿಕಾರಿ ಮರದ ಕೆಳಗೆ ಕೂತಿದ್ದ. ವ್ಯಾಪಾರಿ ವಯಸ್ಸಾಗಿ ತನ್ನ ಮನೆಯಲ್ಲಿ, ಮಕ್ಕಳ ಕೈಯ ನೀರು ಕುಡಿದು ಸತ್ತ. ಎಲ್ಲಿ ಸುಟ್ಟರು ಎಂದು ಅವನ ಮೊಮ್ಮಕ್ಕಳಿಗೂ ಗೊತ್ತು.

ಅಣ್ಣನ ಮಗ ಕಾಲೇಜು ಓದುವಾಗ ಅವನ ಪುಸ್ತಕದ ಆ ಪಾಠವನ್ನು ಓದಿಸಿ ಕೇಳಿದೆ. ಬೇರೆ ದೇಶದವರು ಮೇಲಿನ ಮೆಟ್ಟಿಲು ಅಳೆದು ಕೆಳಗಿನದಕ್ಕೆ ಅಂದಾಜು ಹಾಕಿದ್ದಾರೆ ಎಂದ. ದಾರಿ ಸರಿಯಿತ್ತು ಎಂದು ತಿಳಿದು ಸಮಾಧಾನವಾಯಿತು. ಅಂದಾಜಿನಿಂದ ನನಗೆ ಸಿಗುವ ಸಮಾಧಾನ ಅಷ್ಟೇ.

ನನ್ನ ಗಂಡನ ವಿಷಯದಲ್ಲೂ ನಾನು ಅಂದಾಜು ಹಾಕಿದ್ದೇನೆ. ಗೋದಾಮಿನಲ್ಲಿ ವಾಂತಿಭೇದಿಯಾಗಿ, ನಾನು ಓಣಿಯಲ್ಲಿ ಬಾಗಿಲು ತಟ್ಟುತ್ತಿದ್ದ ದಿನಗಳಲ್ಲೇ ಹೋಗಿರಬೇಕು. ತಪ್ಪಿರಬಹುದು. ಅವರು ಯಾವ ದಿನ ಹೋದರು, ಎಲ್ಲಿ ಮಣ್ಣಾದರು ಎಂದು ಈ ತನಕ ಯಾರೂ ನನಗೆ ಹೇಳಿಲ್ಲ.